ಹಿತ್ತಲಿಗೆ ಬಂದ ಅಕ್ಕಮ್ಮ

ಮೂಕಮ್ಮನಿಗೆ ಮರೆವು ಹತ್ತಿದ್ದು ಕುರುಗೋಡಿನಲ್ಲಿ. ಅದರ ಭಾರ ಬಿದ್ದದ್ದು ಬಳ್ಳಾರಿಯಲ್ಲಿದ್ದ ಹಿರಿಯ ಸೊಸೆ ಶಿವಬಸಮ್ಮನ ಮೇಲೆ. ಕಿರಿಯ ಮಗ ಜಂಬುನಾಥ ಬೇಸಿಗೆಯಲ್ಲಿ ತಾಯಿಯನ್ನೂ ಆಕೆಯ ತಗಡಿನ ಪೆಟ್ಟಿಗೆಯನ್ನೂ ಆಟೋದಿಂದ ಇಳಿಸಿ, "ದೊಡ್ಡ ಡಾಕ್ಟರಿಗೆ ತೋರಿಸ್ರಿ ಅತ್ತಿಗಿ, ವಾರದಾಗ ಬಂದು ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಹೋದವನು ಮಳೆಗಾಲ ಕಳೆಯುತ್ತ ಬಂದರೂ ಈ ಕಡೆ ತಲೆ ಹಾಕಿರಲಿಲ್ಲ. ಡಾಕ್ಟರು ನೋಡಿದ್ದೂ ಆಯಿತು, ಇದು ವಯಸ್ಸಿನದು, ಮಾತ್ರೆಗೆ ಹಿಂದಕ್ಕೆ ಹೋಗುವಂಥದ್ದಲ್ಲ ಎಂದದ್ದೂ ಆಯಿತು. ಮುದುಕಿ ಮಾತ್ರ ಕಂಟೋನ್ಮೆಂಟಿನ ಆ ಹಳೆಯ ಮನೆಯ ಪಡಸಾಲೆಯಲ್ಲಿ ಮಂಚ ಹಾಕಿಸಿಕೊಂಡು ಉಳಿದುಬಿಟ್ಟಳು.

ಹೆಸರು ಮೂಕಮ್ಮ ಎಂದಿದ್ದರೂ ಆಕೆಯ ಬಾಯಿ ಯಾವತ್ತೂ ಮೂಕವಾಗಿರಲಿಲ್ಲ. ಶಿವಬಸಮ್ಮ ಈ ಮನೆತನಕ್ಕೆ ಸೊಸೆಯಾಗಿ ಬಂದಾಗ ಎಲ್ಲರೂ ಕುರುಗೋಡಿನಲ್ಲೇ ಇದ್ದರು. ರೊಟ್ಟಿ ತುಸು ದಪ್ಪವಾದರೆ, ಕಸ ಮೂಲೆಯಲ್ಲಿ ಉಳಿದರೆ, ಅತ್ತೆ ಬೈದು ಸುಮ್ಮನಾಗದೆ ರಟ್ಟೆಗೆ ಚಿವುಟುತ್ತಿದ್ದಳು. ಆಮೇಲೆ ಗಂಡ ವಿರೂಪಾಕ್ಷಪ್ಪ ಬಳ್ಳಾರಿಯಲ್ಲಿ ಅಕ್ಕಿ ಅಂಗಡಿ ಹಾಕಿದ ಮೇಲೆ ಚಿವುಟುವುದು ತಪ್ಪಿತೇ ಹೊರತು, ಹಬ್ಬ ಹುಣ್ಣಿಮೆಗೆ ಹೋದಾಗ ಒಂದು ಒಳ್ಳೆಯ ಮಾತು ಆ ಬಾಯಿಂದ ಬಂದದ್ದನ್ನು ಶಿವಬಸಮ್ಮ ಕೇಳಿರಲಿಲ್ಲ. ಈಗ ಅದೇ ಅತ್ತೆಗೆ ಸ್ನಾನ ಮಾಡಿಸಬೇಕು, ಸೀರೆ ಉಡಿಸಬೇಕು, ಅನ್ನ ಕಲಸಿ ಕೊಡಬೇಕು, ಹಾಸಿಗೆ ಒದ್ದೆಯಾದರೆ ಒಗೆಯಬೇಕು. ಶಿವಬಸಮ್ಮನಿಗೇ ಐವತ್ತಾರು ದಾಟಿತ್ತು. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಎರಡೂ ಇದ್ದವು.

ಮನೆಯಲ್ಲಿ ಉಳಿದವರಿಗೂ ಪುರುಸೊತ್ತಿರಲಿಲ್ಲ. ವಿರೂಪಾಕ್ಷಪ್ಪ ಅಂಗಡಿಗೆ, ಮಗ ಸಿದ್ದಲಿಂಗೇಶ್ ಜೀನ್ಸ್ ಹೊಲಿಯುವ ಫ್ಯಾಕ್ಟರಿಯ ಮೇಲ್ವಿಚಾರಣೆಗೆ, ಸೊಸೆ ರಶ್ಮಿ ಡಿಗ್ರಿ ಕಾಲೇಜಿಗೆ. ಅಲ್ಲಿ ಅವಳು ಅತಿಥಿ ಉಪನ್ಯಾಸಕಿ, ಇಂಗ್ಲಿಷ್ ಕಲಿಸುತ್ತಿದ್ದಳು. ಎಲ್ಲರ ಡಬ್ಬಿ ತುಂಬುವುದಕ್ಕೆಂದು ಶಿವಬಸಮ್ಮ ಕತ್ತಲಿರುವಾಗಲೇ ಎದ್ದು ಹಿತ್ತಲಲ್ಲಿ ಪಾತ್ರೆ ತಿಕ್ಕಿ, ಅಂಗಳ ಗುಡಿಸಿ, ನೀರು ತುಂಬಿ, ಒಲೆ ಹಚ್ಚುವಳು. ಮಿಕ್ಕವರು ಕಣ್ಣು ಬಿಡುವ ಹೊತ್ತಿಗೆ ಮನೆ ತೊಳೆದಿಟ್ಟ ಹಾಗಿರುತ್ತಿತ್ತು.

ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಟ್ಟಲಲ್ಲಿ ಹಾಲು, ಪಕ್ಕದಲ್ಲಿ ಬೆಲ್ಲದ ಚೂರು ಕಂಡವು. ಬೆಕ್ಕು ಅರ್ಧ ಕುಡಿದು ಮೂತಿ ನೆಕ್ಕಿಕೊಳ್ಳುತ್ತಿತ್ತು. ಶಿವಬಸಮ್ಮ ಬಟ್ಟಲು ಹಿಡಿದುಕೊಂಡೇ ಪಡಸಾಲೆಗೆ ಬಂದಳು.

"ಇದ್ಯಾರು ಇಟ್ಟಿದ್ದು? ಚಹಾಕ್ಕ ಹಾಲಿಲ್ಲ ಈಗ."

"ನಾನ ಇಟ್ಟೀನಿ" ಎಂದಳು ಮೂಕಮ್ಮ, ಮಂಚದ ಮೇಲಿಂದ. "ಅಕ್ಕಮ್ಮಗಳಿಗೆ."

ಅಕ್ಕಮ್ಮಗಳೆಂದರೆ ಕುರುಗೋಡಿನ ಹೊಲದ ಬಾವಿಯ ಹತ್ತಿರ ಸುಣ್ಣ ಕುಂಕುಮ ಬಳಿದ ಏಳು ಕಲ್ಲುಗಳು. ಏಳು ಮಂದಿ ಅಕ್ಕತಂಗಿಯರು ನೀರಿನ ಹತ್ತಿರ ಇರುತ್ತಾರೆ, ಬಿಳಿ ಸೀರೆ ಉಟ್ಟು ನಸುಕಿನಲ್ಲಿ ಓಡಾಡುತ್ತಾರೆ, ಮನಸ್ಸಿಗೆ ಬಂದ ಮನೆಯಲ್ಲಿ ಯಾರೂ ಏಳುವುದರೊಳಗೆ ಗುಡಿಸಿ ಬಳಿದು ಹೋಗುತ್ತಾರೆ, ಬಾರದ ಮನೆಯಲ್ಲಿ ಕೂಸಿಗೆ ಜ್ವರ ತರುತ್ತಾರೆ ಎಂದು ಆ ಕಡೆಯ ಹಳಬರು ನಂಬುತ್ತಿದ್ದರು.

"ಅವು ಇಲ್ಲಿಗ್ಯಾಕ ಬರ್ತಾವ್ರಿ ಅತ್ತಿ, ಇಲ್ಲಿ ಬಾವಿ ಎಲ್ಲೈತಿ?"

"ಬಂದಾರಲ್ಲ. ಮತ್ತ ಈ ಮನಿ ಕೆಲಸೆಲ್ಲಾ ಯಾರು ಮಾಡ್ತಾರ? ಏಳೂದ್ರಾಗ ಪಾತ್ರಿ ಬೆಳಗಿರ್ತಾವ, ಅಂಗಳ ಸ್ವಚ್ಛ ಆಗಿರ್ತೈತಿ. ನಮ್ಮ ಸೊಸಿಗೆ ಇಷ್ಟು ಎಲ್ಲಿ ಬರ್ತೈತಿ?"

ಸಿದ್ದಲಿಂಗೇಶ್ ಹಲ್ಲುಜ್ಜುತ್ತಿದ್ದವನು ನೊರೆ ಉಗುಳಿ ನಕ್ಕ. ವಿರೂಪಾಕ್ಷಪ್ಪನೂ ನಕ್ಕು, "ಹೋಗ್ಲಿ ಬಿಡು, ಒಂದು ಬಟ್ಟಲ ಹಾಲಿಗೆ ಏನಾಗ್ತೈತಿ? ಮುದುಕಿ ಸಮಾಧಾನದಿಂದ ಇರ್ಲಿ" ಎಂದ. ಶಿವಬಸಮ್ಮ ನಗಲಿಲ್ಲ. ಬೂದಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ ಕಪ್ಪು ಚಹಾ ಮಾಡಿದಳು. ಆ ದಿನ ಎಲ್ಲರೂ ಅದನ್ನೇ ಕುಡಿದು ಹೋದರು.

ಅದಾಗಿ ಕೆಲವು ದಿನಕ್ಕೆ, ಸಂಜೆ ಊಟಕ್ಕೆ ಕೂತಾಗ ರಶ್ಮಿ ಕಾಲೇಜಿನ ಸುದ್ದಿ ತೆಗೆದಳು. ನಾಲ್ಕು ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಎಲಿಜಬೆತ್ ಎಂಬ ರಾಣಿ ಇದ್ದ ಕಾಲದಲ್ಲಿ ಜನ ಹೇಗೆ ಬದುಕುತ್ತಿದ್ದರು, ಏನು ನಂಬುತ್ತಿದ್ದರು ಎಂಬುದನ್ನು ಆ ವಾರ ಪಾಠ ಮಾಡಬೇಕಿತ್ತು. ಅದಕ್ಕೆಂದು ಓದಿಕೊಂಡಿದ್ದಳು.

"ಅತ್ತಿ, ಅಲ್ಲೂ ನಮ್ಮ ಅಜ್ಜಿಯಂಥವ್ರ ಇದ್ರಂತ. ಮಲಗಾಕ ಮುಂಚೆ ಒಲಿ ಮುಂದ ಗುಡಿಸಿ, ಒಂದು ಬಟ್ಟಲಾಗ ಕೆನಿಹಾಲು, ಒಂದು ತುಣುಕು ರೊಟ್ಟಿ ಇಡ್ತಿದ್ರಂತ. ಸಣ್ಣ ಸಣ್ಣ ದೇವತಿಗಳು ಬರ್ತಾವಂತ. ಬೆಣ್ಣಿ ಕಡಿತಾವ, ಕಾಳು ಬೀಸ್ತಾವ, ಮನಿ ಗುಡಸ್ತಾವ."

ಮೂಕಮ್ಮ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಕೇಳಿದಳು, "ಆ ಊರಾಗೂ ಏಳ ಮಂದೀನೋ?"

"ಅಲ್ಲಿ ಲೆಕ್ಕ ಇಲ್ಲಜ್ಜಿ, ಭಾಳ ಮಂದಿ."

"ಥಂಡಿ ದೇಶ, ಕೆಲಸ ಭಾಳ ಇರ್ತಾವ" ಎಂದು ಮೂಕಮ್ಮ ತಾನೇ ಒಪ್ಪಿಕೊಂಡಳು.

"ಇನ್ನೊಂದು ಐತಿ ಕೇಳ್ರಿ. ಕೆಲಸದ ಹುಡುಗಿ ಮನಿ ಹೊಲಸು ಇಟ್ಟು ಮಲಗಿದ್ರ, ಆ ದೇವತಿಗಳು ಬಂದು ಮೈಯೆಲ್ಲಾ ನೀಲಿಗಟ್ಟೂ ಹಂಗ ಚಿವುಟ್ತಾವಂತ."

ಶಿವಬಸಮ್ಮ ಸಾರು ಬಡಿಸುತ್ತಿದ್ದಳು. ಸೌಟು ಅಲ್ಲೇ ನಿಂತಿತು. "ಚಿವುಟಾಕ ದೇವತಿ ಬೇಕಾಗಿಲ್ಲ ಬಿಡವಾ. ಆ ಹುಡುಗಿ ಯಜಮಾನ್ತಿ ಚಿವುಟಿರ್ತಾಳ. ಬೆಣ್ಣಿ ಕಡದಾಕಿನೂ ಆ ಹುಡುಗೀನ. ಹೆಸರು ಮಾತ್ರ ದೇವತಿದು."

ರಶ್ಮಿ ಅತ್ತೆಯ ಮುಖ ನೋಡಿದಳು. ವಿರೂಪಾಕ್ಷಪ್ಪ, "ಉಪ್ಪಿನಕಾಯಿ ತಾ" ಎಂದ. ಸಿದ್ದಲಿಂಗೇಶ್ ಮೊಬೈಲು ನೋಡುತ್ತಿದ್ದ. ಊಟವಾದ ಮೇಲೆ ರಶ್ಮಿ ತಾನೇ ಮುಂದಾಗಿ ತಟ್ಟೆ ಎತ್ತಿದಳು. ಆದರೆ ಮರುದಿನ ಅವಳಿಗೆ ಮೊದಲ ಪೀರಿಯಡ್ ಇತ್ತು, ಅದರ ಮರುದಿನ ಪರೀಕ್ಷೆಯ ಪೇಪರ್ ತಿದ್ದುವುದಿತ್ತು. ಹಾಗಾಗಿ ಪಾತ್ರೆಗಳು ಮತ್ತೆ ಹಿತ್ತಲಿಗೇ ಬಂದವು.

ಶ್ರಾವಣ ಮುಗಿಯುವ ಹೊತ್ತಿಗೆ ಮೂಕಮ್ಮ ನಸುಕಿನಲ್ಲಿ ಏಳತೊಡಗಿದಳು. ಒಂದು ದಿನ ಶಿವಬಸಮ್ಮ ಕುಕ್ಕುರುಗಾಲಲ್ಲಿ ಕೂತು ಹಾಲಿನ ಪಾತ್ರೆ ತಿಕ್ಕುತ್ತಿದ್ದಾಗ ಬೆನ್ನ ಹಿಂದೆ ಗೋಡೆ ಹಿಡಿದು ಬರುವ ಸಪ್ಪಳವಾಯಿತು. ತಿರುಗಿದರೆ ಅತ್ತೆ, ಎರಡೂ ಕೈ ಜೋಡಿಸಿ ನಿಂತಿದ್ದಾಳೆ.

"ಬಂದ್ಯಾ ತಾಯಿ" ಎಂದಳು ಮೂಕಮ್ಮ. ಶಿವಬಸಮ್ಮ ಮದುವೆಯಾದಂದಿನಿಂದ ಕೇಳದಷ್ಟು ಮೆತ್ತಗಿತ್ತು ಆ ದನಿ.

"ನಾನ್ರಿ ಅತ್ತಿ, ಶಿವಬಸಮ್ಮ. ಒಳಗ ಹೋಗ್ರಿ, ಜಾರ್ತೈತಿ."

"ಆಕಿ ಮಲಗ್ಯಾಳ. ಎಬ್ಬಿಸಬ್ಯಾಡ ತಾಯಿ. ಮಲಗ್ಲಿ ಸ್ವಲ್ಪ."

ಶಿವಬಸಮ್ಮ ಮತ್ತೆ ತನ್ನ ಹೆಸರು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಮುದುಕಿ ಕಲ್ಲಿನ ಅಂಚಿಗೆ ಕೂತಳು. ರಾತ್ರಿ ತಾನಿಟ್ಟಿದ್ದ ಹಾಲಿನ ಬಟ್ಟಲನ್ನು ಮುಂದಕ್ಕೆ ಸರಿಸಿ, "ಕುಡಿ, ಬೆಚ್ಚಗೈತಿ" ಎಂದಳು. ಬೆಚ್ಚಗೇನೂ ಇರಲಿಲ್ಲ. ಶಿವಬಸಮ್ಮ ಕೈ ತೊಳೆದು ಎತ್ತಿ ಕುಡಿದಳು. ಕೇಳಬಾರದು ಅಂದುಕೊಂಡಿದ್ದರೂ ಕೇಳಿಯೇಬಿಟ್ಟಳು.

"ನಿನ್ನ ಸೊಸಿ ಹೆಂಗದಾಳ?"

ಮೂಕಮ್ಮ ಸುತ್ತ ನೋಡಿ ದನಿ ಇಳಿಸಿದಳು. "ಭಾಳ ದುಡೀತಾಳ ತಾಯಿ. ಎತ್ತು ದುಡಿದಂಗ ದುಡೀತಾಳ. ನಮ್ಮ ವಿರೂಪಣ್ಣನ ಯೋಗ್ಯತಿಗೆ ಅಂಥಾಕಿ ಸಿಗೂದಲ್ಲ, ಸಿಕ್ಕಾಳ."

"ಆಕಿಗೆ ಹೇಳೀಯೇನು ಇದನ್ನ?"

"ಎದುರಿಗೆ ಹೇಳಿದ್ರ ಸೊಕ್ಕ ಬರ್ತೈತಿ. ನಮ್ಮತ್ತಿನೂ ನನಗ ಹೇಳಲಿಲ್ಲ."

ಶಿವಬಸಮ್ಮ ತಲೆ ತಗ್ಗಿಸಿ ಪಾತ್ರೆ ತಿಕ್ಕಿದಳು. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು. ಸಂತೋಷವಾಯಿತು ಎನ್ನುವಂತಿರಲಿಲ್ಲ. ಸಿಟ್ಟೇ ಬಂತು. ಹೊಸ ಸೊಸೆಯಾಗಿದ್ದಾಗ ಇದರಲ್ಲಿ ಅರ್ಧ ಮಾತು ಸಿಕ್ಕಿದ್ದರೂ ಅವಳು ಹಾರಾಡಿ ಕೆಲಸ ಮಾಡುತ್ತಿದ್ದಳು. ಈಗ ಸಿಕ್ಕಿದ್ದೂ ಅವಳಿಗಲ್ಲ, ಯಾವಳೋ ಬಾವಿಯ ಅಕ್ಕಮ್ಮನಿಗೆ. ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ ಮಂಚಕ್ಕೆ ಕರೆದೊಯ್ದಳು. ಬೆಳಕು ಹರಿದ ಮೇಲೆ ಅದೇ ಅತ್ತೆ, "ಲೇ ಶಿವಬಸಿ, ಈ ಅಂಬಲಿಗೆ ಉಪ್ಪಿಲ್ಲ, ಏನು ಕಲಿಸಿದ್ಲು ನಿಮ್ಮವ್ವ" ಎಂದು ಬಟ್ಟಲು ದೂಡಿದಳು.

ಅವತ್ತೇ ಶಿವಬಸಮ್ಮ ಗಂಡನಿಗೆ ಖಡಾಖಂಡಿತವಾಗಿ ಹೇಳಿದಳು. "ನಿಮ್ಮ ತಮ್ಮನ್ನ ಕರಸ್ರಿ. ಅವನಿಗೂ ತಾಯಿ ಅಲ್ಲೇನು ಆಕಿ?"

ಭಾನುವಾರ ಜಂಬುನಾಥ ಬಂದ. ಬುಟ್ಟಿ ತುಂಬ ಬದನೆಕಾಯಿ ತಂದಿದ್ದ. ಅವನ್ನೇ ಎಣ್ಣೆಗಾಯಿ ಮಾಡಿ, ಜೋಳದ ರೊಟ್ಟಿ ಬಡಿದು ಶಿವಬಸಮ್ಮ ಬಡಿಸಿದಳು. ಅವನು ಮೂರನೆಯ ರೊಟ್ಟಿ ಮುರಿಯುವವರೆಗೂ ಯಾರೂ ವಿಷಯ ಎತ್ತಲಿಲ್ಲ. ಕೊನೆಗೆ ಆಕೆಯೇ ಎತ್ತಿದಳು.

"ಈಗ ಕರ್ಕೊಂಡು ಹೋಗ್ತೀಯೋ, ದಸರಾ ಮುಗಿಸ್ಕೊಂಡೋ?"

ಜಂಬುನಾಥ ಅಣ್ಣನ ಕಡೆ ನೋಡಿದ. ಅಣ್ಣ ತಟ್ಟೆ ನೋಡಿದ.

"ಅತ್ತಿಗಿ, ನಾ ಸುಳ್ಳ ಹೇಳೂದಿಲ್ಲ. ಅಲ್ಲಿದ್ದಾಗ ಅವ್ವ ಹೊತ್ತು ಮೂಡೂದ್ರಾಗ ಹೊಲದ ಬಾವಿಗೆ ಹೋಗಿಬಿಡ್ತಿದ್ಲು. ಅಕ್ಕಮ್ಮಗಳು ಕರದಾರ ಅಂತಿದ್ಲು. ಒಮ್ಮಿ ಮೆಟ್ಲದಾಗ ಇಳದಿದ್ಲು. ಸೊಂಟದ ಮಟ ನೀರು. ಅದಕ್ಕ ಇಲ್ಲಿಗೆ ತಂದು ಬಿಟ್ಟೀನಿ. ಇಲ್ಲಿ ಬಾವಿ ಇಲ್ಲಲ್ಲ."

ಶಿವಬಸಮ್ಮ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು.

"ಇದನ್ನ ಮೊದ್ಲ ಯಾಕ ಹೇಳಲಿಲ್ಲ?" ಎಂದಳು.

"ಹೇಳಿದ್ರ ನೀವು ಇಟ್ಕೋತಿರಲಿಲ್ಲ."

"ಮತ್ತ ಈಗ ಗಂಟಲದಾಗ ಇಳೀತೇನು ರೊಟ್ಟಿ?"

"ಶಿವಬಸಿ" ಎಂದು ವಿರೂಪಾಕ್ಷಪ್ಪ ಗದರಿದ. "ಉಣ್ಣಾಕ ಕುಂತಾನ. ಬಾವಿ ಪಾಲಾಗ್ಲಿ ಅಂತೀಯೇನು ನಮ್ಮವ್ವ? ನೀ ಇದ್ದೀಯಲ್ಲ ಮನ್ಯಾಗ."

ಜಂಬುನಾಥ ಕೈ ತೊಳೆದು ಹೋದ. ಮಾತು ಅಲ್ಲಿಗೇ ನಿಂತಿತು. ಬಾವಿಯ ಹೆದರಿಕೆ ಸುಳ್ಳಲ್ಲವೆಂದು ಶಿವಬಸಮ್ಮನಿಗೂ ಗೊತ್ತಿತ್ತು. ಆದರೆ ಒಂದು ಬಾವಿಯ ಬಾಯಿಗೆ ತನ್ನನ್ನೇ ಯಾಕೆ ಮುಚ್ಚಳ ಮಾಡಿದರು ಎಂಬುದು ಮಾತ್ರ ತಿಳಿಯಲಿಲ್ಲ.

ಅದರ ಮುಂದಿನ ವಾರ ಅನ್ನದ ಗಂಜಿ ಬಸಿಯುವಾಗ ಮೊಣಕಾಲು ಹಿಡಿದುಕೊಂಡಿತು, ತಪ್ಪಲೆ ವಾಲಿತು. ಕುದಿಯುವ ಗಂಜಿ ಎಡಗೈ ಮೇಲೆ ಬಿತ್ತು. ಮಣಿಕಟ್ಟಿನಿಂದ ಮೊಣಕೈ ತನಕ ಬೊಬ್ಬೆ ಎದ್ದವು. ಸಿದ್ದಲಿಂಗೇಶ್ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ಪಟ್ಟಿ ಕಟ್ಟಿಸಿಕೊಂಡು ಬಂದ. ಸಕ್ಕರೆ ಇರುವ ಮೈ, ಗಾಯ ಬೇಗ ಮಾಯುವುದಿಲ್ಲ, ಕೈ ನೀರಿಗೆ ಹಾಕಬೇಡಿ ಎಂದರು ಡಾಕ್ಟರು. ಎರಡು ದಿನ ಹೋಟೆಲಿನಿಂದ ಇಡ್ಲಿ ಬಂತು, ಚಿತ್ರಾನ್ನ ಬಂತು. ಮೂರನೆಯ ದಿನ ವಿರೂಪಾಕ್ಷಪ್ಪ, "ಹೋಟೆಲ್ದು ಹೊಟ್ಟಿಗೆ ಆಗವಲ್ದು. ಒಂದು ಕೈಲೆ ಆದಷ್ಟು ಮಾಡು" ಎಂದ.

ಆಗಲೇ ಮಗಳು ಅಕ್ಷತಾ ಸಿರುಗುಪ್ಪದಿಂದ ಫೋನು ಮಾಡಿದ್ದು. "ಯವ್ವಾ, ಇಲ್ಲಿಗೆ ಬಾ. ಕೈ ವಾಸಿ ಆಗೂಮಟ ಇರು."

ಫೋನು ಸ್ಪೀಕರಿನಲ್ಲಿತ್ತು. ವಿರೂಪಾಕ್ಷಪ್ಪನೇ ಉತ್ತರ ಕೊಟ್ಟ. "ಮಗಳ ಮನ್ಯಾಗ ಹೋಗಿ ಕುಂತ್ರ ಬೀಗರು ಏನಂದಾರು? ಇಲ್ಲಿ ಅಜ್ಜೀನ್ನ ಯಾರು ನೋಡ್ಕೋಬೇಕು?"

"ಅಜ್ಜಿಗೆ ಇಬ್ರು ಗಂಡಮಕ್ಕಳಿದ್ದಾರಲ್ಲಪ್ಪ."

"ಗಂಡಸ್ರಿಗೆ ಸ್ನಾನ ಮಾಡಿಸಾಕ ಬರ್ತೈತೇನು?"

ಶಿವಬಸಮ್ಮ, "ಆಮ್ಯಾಲ ಮಾತಾಡೂಣವಾ" ಎಂದು ಫೋನು ಇಟ್ಟಳು. ಜಗಳ ಆಡಲು ಕೂಡ ಮೈಯಲ್ಲಿ ತ್ರಾಣ ಬೇಕಲ್ಲ.

ಮರುದಿನ ನಸುಕಿನಲ್ಲಿ ಆಕೆ ಹಿತ್ತಲ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು. ಪಾತ್ರೆ ಎದುರಿಗೆ ಇದ್ದವು. ಮೂಕಮ್ಮ ಬಂದಳು. ಪಟ್ಟಿ ಕಟ್ಟಿದ ಕೈ ನೋಡಿ ಅಲ್ಲೇ ನಿಂತಳು.

"ಅಯ್ಯ ತಾಯಿ, ಕೈಗೇನಾತು? ಉರೀತೈತೇನು?"

ಕೈ ಸುಟ್ಟ ದಿನದಿಂದ ಊಟದ ಸುದ್ದಿ, ಕೆಲಸದ ಸುದ್ದಿ ಎಲ್ಲ ಬಂದಿದ್ದವು. ಉರಿಯುತ್ತದೆಯೇ ಎಂದು ರಶ್ಮಿಯನ್ನು ಬಿಟ್ಟರೆ ಯಾರೂ ಕೇಳಿರಲಿಲ್ಲ. "ಉರೀತೈತಿ" ಎಂದಳು ಶಿವಬಸಮ್ಮ.

ಮೂಕಮ್ಮ ಒಳಗೆ ಹೋದಳು. ತಗಡಿನ ಪೆಟ್ಟಿಗೆ ತೆರೆದ ಸಪ್ಪಳ, ಡಬ್ಬಿ ಬಿದ್ದ ಸಪ್ಪಳ. ಬಹಳ ಹೊತ್ತಿನ ಮೇಲೆ ಮೊರದಲ್ಲಿ ಅಕ್ಕಿ, ಒಂದು ತೆಂಗಿನಕಾಯಿ, ಅರಿಸಿನ ಕೊಂಬು, ಕುಂಕುಮದ ಭರಣಿ, ಮಡಿಕೆ ಮುರಿಯದ ಇಳಕಲ್ ಸೀರೆ ಇಟ್ಟುಕೊಂಡು, ಗೋಡೆಗೆ ಆನಿಕೊಳ್ಳುತ್ತ ಬಂದಳು. ಆ ಸೀರೆಯನ್ನು ಶಿವಬಸಮ್ಮ ನೋಡಿದ್ದೇ ಇಲ್ಲ.

"ಸೆರಗು ಒಡ್ಡು ತಾಯಿ."

"ಯಾಕ?"

"ಉಡಿ ತುಂಬ್ತೀನಿ. ಸಾಕು ಮಾಡಿದ್ದು. ನಿನ್ನ ಕೈ ಬೆಂದು ಹೋಗೈತಿ. ದೇವತೀನ ಹಿಂಗ ದುಡಿಸಿದ್ರ ನಮಗ ಒಳ್ಳೇದಾಗೂದಿಲ್ಲ. ಹೋಗಿ ಬಾ."

"ಕೆಲಸಕ್ಕ ಏನು ಮಾಡ್ತಿ?"

"ನನಗ ಮಕ್ಕಳದಾರ" ಎಂದಳು ಮೂಕಮ್ಮ. ಹಣೆಗೆ ಇಡಲು ಹೋದ ಕುಂಕುಮ ಮೂಗಿನ ಮೇಲೆ ಬಿತ್ತು. ಅಕ್ಕಿ ಅರ್ಧ ಉಡಿಗೆ, ಅರ್ಧ ನೆಲಕ್ಕೆ. ಆಮೇಲೆ ಮುದುಕಿ ಬಗ್ಗಿ ಸೊಸೆಯ ಕಾಲು ಮುಟ್ಟಲು ಹೋದಳು. ಶಿವಬಸಮ್ಮ ಗಾಬರಿಯಿಂದ ಹಿಡಿದೆತ್ತಿದಳು. ಹಾಗೇ ಸ್ವಲ್ಪ ಹೊತ್ತು ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ನಿಂತಿದ್ದರು.

ಅತ್ತೆಯನ್ನು ಮಲಗಿಸಿ ಬಂದು ಶಿವಬಸಮ್ಮ ರಶ್ಮಿಯ ಕೋಣೆಯ ಬಾಗಿಲು ಬಡಿದಳು.

"ನಾ ಸಿರುಗುಪ್ಪಕ್ಕ ಹೋಗ್ತೀನಿ. ಅಜ್ಜಿ ಮಾತ್ರಿ ಕಿಟಕ್ಯಾಗ ಅದಾವ. ನೀರು ಬೆಚ್ಚಗ ಇರ್ಬೇಕು, ಭಾಳ ಬಿಸಿ ಬ್ಯಾಡ."

ರಶ್ಮಿ ಕಣ್ಣುಜ್ಜಿಕೊಂಡು ಅತ್ತೆಯ ಉಡಿ ನೋಡಿದಳು, ಮೂಗಿನ ಮೇಲಿನ ಕುಂಕುಮ ನೋಡಿದಳು. ಏನಾಯಿತೆಂದು ಕೇಳಲಿಲ್ಲ. "ಹೋಗ್ರಿ ಅತ್ತಿ. ಮಾವಗ ನಾ ಹೇಳ್ತೀನಿ. ಆದ್ರ ನಾನೂ ರಜಾ ಹಾಕೂದಿಲ್ರಿ, ಈಗ ಹೇಳಿರ್ತೀನಿ. ಅವ್ರ ನೋಡ್ಕೊಳ್ಳಿ."

"ನೀ ಯಾಕ ಹಾಕ್ತಿ" ಎಂದಳು ಶಿವಬಸಮ್ಮ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೆಕ್ಕಲಕೋಟೆಯವರೆಗೆ ಮನಸ್ಸು ಒಲೆಯ ಹತ್ತಿರವೇ ಇತ್ತು. ಆಮೇಲೆ ಭತ್ತದ ಗದ್ದೆಗಳು ಬಂದವು, ಆಕೆ ನಿದ್ದೆ ಹೋದಳು. ಕಂಡಕ್ಟರು ಎಬ್ಬಿಸಿದಾಗಲೇ ಸಿರುಗುಪ್ಪ ಬಂದದ್ದು ಗೊತ್ತಾದದ್ದು. ಮಗಳ ಮನೆಯಲ್ಲೂ ಮೊದಲ ದಿನಗಳಲ್ಲಿ ಬರೀ ನಿದ್ದೆ. ಅಕ್ಷತಾಳ ಅತ್ತೆ ಬಾಗಿಲಲ್ಲಿ ಇಣುಕಿ, "ಮಲಗ್ಲಿ ಬಿಡವಾ, ಪಾಪ" ಎಂದು ಹೋಗುತ್ತಿದ್ದಳು.

ಬಳ್ಳಾರಿಯಿಂದ ಫೋನುಗಳು ಬಂದವು. ಹುಣಸೆಹಣ್ಣು ಎಲ್ಲೈತಿ. ಗ್ಯಾಸಿನವನ ನಂಬರ ಯಾವುದು. ಅವ್ವ ಸ್ನಾನಕ್ಕೆ ಒಲ್ಲೆ ಅನ್ನುತ್ತಾಳೆ, ಏನು ಹೇಳಿ ಒಪ್ಪಿಸುತ್ತಿದ್ದಿ. ಮೊದಮೊದಲು ಶಿವಬಸಮ್ಮ ಎಲ್ಲಕ್ಕೂ ಉತ್ತರ ಕೊಟ್ಟಳು. ಆಮೇಲೆ ವಿರೂಪಾಕ್ಷಪ್ಪನ ದನಿ ಏರಿತು.

"ಯಾರನ್ನ ಕೇಳಿ ಹೋದಿ ನೀನು?"

"ಅತ್ತಿ ಕಳಿಸ್ಯಾರ. ಉಡಿ ತುಂಬಿ ಕಳಿಸ್ಯಾರ."

"ಆಕಿಗೆ ಬುದ್ಧಿ ಎಲ್ಲೈತಿ?"

"ಅಷ್ಟಾದ್ರೂ ಐತ್ರಿ" ಎಂದಳು ಶಿವಬಸಮ್ಮ, ಸಾವಕಾಶವಾಗಿ.

ಆ ಕಡೆಯಿಂದ ಕುಕ್ಕರು ಕೂಗುವುದು ಕೇಳಿಸಿತು. "ಎಷ್ಟ ಸೀಟಿಗೆ ಆರಸ್ಬೇಕು ಇದನ್ನ?" ಎಂದ ಕೊನೆಗೆ. ದನಿ ಇಳಿದಿತ್ತು.

ಒಳಗಿನ ಸುದ್ದಿಯನ್ನೆಲ್ಲ ರಶ್ಮಿ ಹೇಳುತ್ತಿದ್ದಳು. ವಿರೂಪಾಕ್ಷಪ್ಪ ಅಂಗಡಿಗೆ ಮಧ್ಯಾಹ್ನ ಹೋಗುತ್ತಿದ್ದಾನೆ. ತಾಯಿಯ ಹಾಸಿಗೆ ತಾನೇ ಒಗೆದ, ಒಗೆದ ಮೇಲೆ ಹಿತ್ತಲಲ್ಲಿ ತಲೆ ಹಿಡಿದು ಕೂತಿದ್ದ. ಅದಾದ ಮೇಲೆ ಕುರುಗೋಡಿಗೆ ಫೋನು ಹಚ್ಚಿ ತಮ್ಮನ ಜೊತೆ ದೊಡ್ಡ ಜಗಳ ಮಾಡಿದ. ಜಂಬುನಾಥ ಹೊಲದ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸುವುದೆಂದೂ, ದೀಪಾವಳಿಯಿಂದ ತಾಯಿ ಮೂರು ತಿಂಗಳು ಅಲ್ಲಿ, ಮೂರು ತಿಂಗಳು ಇಲ್ಲಿ ಎಂದೂ ಮಾತಾಯಿತು. ಬೆಳಿಗ್ಗೆಯ ಪಾತ್ರೆಗೆ, ಮುದುಕಿಯ ಸ್ನಾನಕ್ಕೆ ಪಕ್ಕದ ಓಣಿಯ ಹೆಂಗಸೊಬ್ಬಳು ಬರುತ್ತಿದ್ದಾಳೆ. "ಇಷ್ಟು ದಿನ ಇವ್ರಿಗೆ ಇದು ಹೊಳೆದಿರಲಿಲ್ಲ ನೋಡ್ರಿ" ಎಂದಳು ರಶ್ಮಿ. ನಗಬೇಕೋ ಬೇಡವೋ ತಿಳಿಯದ ದನಿಯಲ್ಲಿ.

ಕೈಗೆ ಹೊಸ ಚರ್ಮ ಬಂದ ಮೇಲೆ ಶಿವಬಸಮ್ಮ ಬಳ್ಳಾರಿಗೆ ಬಂದಳು. ಮಧ್ಯಾಹ್ನದ ಹೊತ್ತು. ಪಡಸಾಲೆಯಲ್ಲಿ ಬಟ್ಟೆ ರಾಶಿ ಬಿದ್ದಿತ್ತು, ಮೂಲೆಯಲ್ಲಿ ಕಸ ಉಳಿದಿತ್ತು. ಮೂಕಮ್ಮ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ಇನ್ನಷ್ಟು ಸಣ್ಣಗಾಗಿದ್ದಳು.

"ಎಲ್ಲಿ ಹೋಗಿದ್ದೆಲೇ ಶಿವಬಸಿ?" ಎಂದಳು. ಗುರುತು ಹಿಡಿದಿದ್ದಳು. "ಮನಿ ನೋಡು ಹೆಂಗಾಗೈತಿ. ಅಕ್ಕಮ್ಮನೂ ಬಿಟ್ಟು ಹೋದ್ಲು."

"ಮತ್ತ ಬರ್ತಾಳೇನ್ರಿ?"

"ಇಲ್ಲ. ನಾನ ಬ್ಯಾಡಂದೀನಿ. ಸಾಕಾಗಿತ್ತು ಆಕಿಗೆ." ಮುದುಕಿ ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ಹುಡುಕುವಂತೆ ನೋಡಿ, ಆಮೇಲೆ ಎಂದಿನ ದನಿಗೆ ಬಂದಳು. "ಏಳು, ಕಸ ಹೊಡಿ."

ಶಿವಬಸಮ್ಮ ಏಳಲಿಲ್ಲ. ಮಂಚದ ಇನ್ನೊಂದು ತುದಿಗೆ ಕೂತು ಕಾಲು ಚಾಚಿ ಮೊಣಕಾಲು ನೀವಿಕೊಂಡಳು. "ಈಗ ಬಂದೀನ್ರಿ ಅತ್ತಿ. ಕುಂದರ್ತೀನಿ."

ಒಳಗಿನಿಂದ ವಿರೂಪಾಕ್ಷಪ್ಪ ತಟ್ಟೆ ಹಿಡಿದು ಬಂದ. ಹೆಂಡತಿಯನ್ನು ನೋಡಿ ಬಾಗಿಲಲ್ಲೇ ತುಸು ನಿಂತ. ಅಂಗಿಯ ಮೇಲೆ ಹಿಟ್ಟಿನ ಕಲೆ ಇತ್ತು. ಬಂದು ಎಷ್ಟೊತ್ತಾಯಿತು, ಬಸ್ಸು ಸಿಕ್ಕಿತೇ ಎಂದೇನೂ ಕೇಳದೆ ತಟ್ಟೆಯನ್ನು ಆಕೆಯ ಪಕ್ಕ ಇಟ್ಟ. ಉಪ್ಪಿಟ್ಟು, ಅಲ್ಲಲ್ಲಿ ಗಂಟಾಗಿತ್ತು, ತಳ ಹತ್ತಿದ ವಾಸನೆ ಇತ್ತು. ಅದು ಅವನು ತನಗೆಂದು ಬಡಿಸಿಕೊಂಡದ್ದು ಎಂದು ಶಿವಬಸಮ್ಮನಿಗೆ ತಿಳಿಯಿತು. ಕೈ ತೊಳೆಯದೆಯೇ ಒಂದು ತುತ್ತು ಬಾಯಿಗೆ ಹಾಕಿಕೊಂಡಳು.

"ನೀರು ತಂದ ಕೊಡ್ರಿ" ಎಂದಳು.

ಅವನು ಒಳಗೆ ಹೋದ. ತಂಬಿಗೆ ಹುಡುಕುತ್ತ ಒಂದೊಂದೇ ಪಾತ್ರೆ ಸರಿಸುವ ಸಪ್ಪಳ ಬಂತು. ಅದು ಎಲ್ಲಿದೆ ಎಂದು ಶಿವಬಸಮ್ಮ ಕೂಗಿ ಹೇಳಲಿಲ್ಲ. ಕೂತು ಅಗಿಯುತ್ತ ಕಾದಳು.